ಲೆವೊಡೋಪಾ ಗುಳಿಗೆಗೆ ಹೆದರಬೇಡಿ, ಅದರ ಟೈಮ್ ತಪ್ಪಿಸಬೇಡಿ

ಟಿಕೋಟಾ ಕಡೆಯ ನಮ್ಮ ಕಾಕಾನಿಗೆ ಪಾರ್ಕಿನ್ಸನ್ ಇದೆ ಅಂತ ಇತ್ತೀಚೆಗೆ ಗೊತ್ತಾಯಿತು. ಮೈ ನಿಧಾನ ಮಾಡುವ, ಬಿಗಿಯುವ, ಕೈ ನಡುಗಿಸುವ ಮೆದುಳಿನ ರೋಗ ಅದು. ಡಾಕ್ಟರು ಅದಕ್ಕೆ ಲೆವೊಡೋಪಾ ಗುಳಿಗೆ ಬರೆದುಕೊಟ್ಟಿದ್ದಾರೆ. ಮನೆಯವರು ತಂದೂ ಇಟ್ಟಿದ್ದಾರೆ. ಆದರೆ ಕಾಕಾ ಒಂದೂ ನುಂಗಿಲ್ಲ. ಯಾಕೆ ಅಂತ ಫೋನಿನಲ್ಲಿ ಕೇಳಿದರೆ ಕಾಕು ಹೇಳಿದ್ದು ಹೀಗೆ: "ಅದನ್ನ ಒಮ್ಮೆ ಶುರು ಮಾಡಿದ್ರ ಐದ ವರ್ಷಕ್ಕ ನಾಟೂದ ಬಿಡತೈತಂತ. ಈಗ ಬರೇ ಕೈ ನಡಗತೈತಿ, ತಡ್ಕೊಂಡ್ರಾತು. ಪೂರಾ ಜಾಸ್ತಿ ಆದಾಗ ತಗೊಂಡ್ರ ಉಪಯೋಗಕ್ಕ ಬರತೈತಿ."

ನಮ್ಮ ಅವ್ವನಿಗೂ ಇದೇ ರೋಗ. ಇದೇ ಮಾತನ್ನು ಅವ್ವನ ವಿಷಯದಲ್ಲೂ ಬಹಳ ಜನ ನಮಗೆ ಹೇಳಿದ್ದರು. ಮದುವೆ ಮನೆಯಲ್ಲಿ ಹೇಳಿದರು, ಬಸ್ಸಿನಲ್ಲಿ ಹೇಳಿದರು, ಔಷಧಿ ಅಂಗಡಿ ಮುಂದೆ ನಿಂತಾಗಲೂ ಹೇಳಿದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಈ ಒಂದು ಮಾತು ನಂಬಿ ಎಷ್ಟೋ ಜನ ತಮ್ಮ ಕೈಯಾರೆ ಉಣ್ಣಬಹುದಾದ, ತಾವೇ ಎದ್ದು ನಡೆಯಬಹುದಾದ ವರ್ಷಗಳನ್ನು ಸುಮ್ನೆ ಕಳೆದುಕೊಳ್ಳುತ್ತಾರೆ. ಅದು ನನಗೆ ತಡೆಯೋಕಾಗಲ್ಲ. ಅದಕ್ಕೇ ಕಾಕಾನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ವಿಜಯಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ, ಮನೆಯಲ್ಲಿ ಅವ್ವನನ್ನು ನೋಡಿಕೊಳ್ಳುತ್ತೇನೆ. ಎಷ್ಟು ಗುಳಿಗೆ, ಯಾವಾಗ ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಅದು ಒಳಗೆ ಹೋಗಿ ಏನು ಮಾಡುತ್ತದೆ ಅಂತ ಮನೆಯವರಿಗೆ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ.

ಮೊದಲು ಮೆದುಳಿನಲ್ಲಿ ಆಗೋದೇನು ಅಂತ ನೋಡೋಣ. ಮೆದುಳಿನ ನಡುಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಸಣ್ಣ ಕಪ್ಪು ಪಟ್ಟಿಯಂಥ ಜಾಗ ಇದೆ. ಅದರ ಹೆಸರು ಸಬ್‌ಸ್ಟಾನ್ಷಿಯಾ ನೈಗ್ರಾ. ಅಲ್ಲಿನ ಜೀವಕೋಶಗಳಲ್ಲಿ ನ್ಯೂರೋಮೆಲನಿನ್ ಅನ್ನೋ ಬಣ್ಣ ತುಂಬಿಕೊಂಡಿರುತ್ತದೆ, ಆ ಕಪ್ಪು ಅದರದ್ದೇ. ಈ ಕೋಶಗಳು ಡೋಪಮೈನ್ ಅನ್ನೋ ರಾಸಾಯನಿಕ ತಯಾರಿಸಿ, ಮೇಲಿನ ಸ್ಟ್ರಯೇಟಮ್ ಅನ್ನೋ ಭಾಗಕ್ಕೆ ಮುಟ್ಟಿಸುತ್ತವೆ. ನಾವು ಯೋಚನೆಯೇ ಇಲ್ಲದೆ ಮಾಡುವ ಚಲನೆಗಳು ಇದ್ದಾವಲ್ಲ, ನಡೆಯುವಾಗ ಕೈ ಬೀಸೋದು, ಮಲಗಿದಲ್ಲೇ ಮಗ್ಗಲು ಬದಲಿಸೋದು, ಅಂಗಿ ಗುಂಡಿ ಹಾಕೋದು, ಅವೆಲ್ಲ ಸರಾಗವಾಗಿ ಆಗೋಕೆ ಅಲ್ಲಿ ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕಪ್ಪು ಜಾಗದ ಕೋಶಗಳು ನಿಧಾನವಾಗಿ ಸಾಯುತ್ತವೆ. ಸಾಯುವ ಕೋಶಗಳ ಒಳಗೆ ಪ್ರೋಟೀನಿನ ಗಂಟುಗಳು ಕಾಣುತ್ತವೆ. 1912ರಲ್ಲಿ ಫ್ರೆಡರಿಕ್ ಲೂಯಿ ಅನ್ನೋ ವೈದ್ಯರು ಅಂಥ ಗಂಟುಗಳನ್ನು ಮೊದಲು ವಿವರಿಸಿದರು. ಅವು ಆಲ್ಫಾ ಸಿನ್ಯೂಕ್ಲಿನ್ ಅನ್ನೋ ಪ್ರೋಟೀನಿನವು ಅಂತ ಗೊತ್ತಾಗಿದ್ದು 1997ರಲ್ಲಿ. ಕೋಶಗಳು ಯಾಕೆ ಸಾಯುತ್ತವೆ ಅನ್ನೋದಕ್ಕೆ ಪೂರ್ತಿ ಉತ್ತರ ಇವತ್ತಿಗೂ ಸಿಕ್ಕಿಲ್ಲ.

ಇಲ್ಲಿ ಒಂದು ವಿಷಯ ಎಲ್ಲರೂ ತಿಳಿದುಕೊಳ್ಳಬೇಕು. ಕೈ ನಡುಗೋಕೆ ಶುರುವಾದ ದಿನ ರೋಗ ಶುರುವಾಯಿತು ಅಂತಲ್ಲ. ನಮಗೆ ಕಣ್ಣಿಗೆ ಕಾಣುವಷ್ಟರಲ್ಲಿ ಆ ಕೋಶಗಳಲ್ಲಿ ಅಂದಾಜು ಅರ್ಧದಷ್ಟು ಹೋಗಿಬಿಟ್ಟಿರುತ್ತವೆ. ಉಳಿದವು ಜಾಸ್ತಿ ದುಡಿದು ಅಲ್ಲೀತನಕ ಸಂಭಾಳಿಸಿರುತ್ತವೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಮೂಗಿಗೆ ವಾಸನೆ ಹತ್ತದಿರೋದು, ಮಲಬದ್ಧತೆ, ನಿದ್ದೆಯಲ್ಲಿ ಕನಸಿನ ಜೊತೆಗೆ ಕೈಕಾಲು ಬೀಸಿ ಒದೆಯೋದು, ಇವು ಬಂದಿರಬಹುದು. ಅವ್ವನಿಗೆ ಒಗ್ಗರಣೆ ಸೀದ ವಾಸನೆ ತಿಳಿಯೋದು ನಿಂತಿತ್ತು. ನೆಗಡಿ ಅಂದುಕೊಂಡಿದ್ದೆವು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ನಡುಕಕ್ಕಿಂತ ಮೊದಲು ಅವ್ವನಲ್ಲಿ ಕಂಡದ್ದು ನಿಧಾನ. ಅವ್ವ ರೊಟ್ಟಿ ಬಡಿಯುವಾಗ ಮೊದಲ ನಾಲ್ಕು ಬಡಿತ ಜೋರಾಗಿ ಕೇಳೋದು, ಆಮೇಲೆ ಸಪ್ಪಳ ಇಳಿಯುತ್ತಾ ಹೋಗಿ ಕೈ ಹಿಟ್ಟಿನ ಮೇಲೇ ನಿಲ್ಲೋದು. ರೊಟ್ಟಿ ಸಣ್ಣದಾಗುತ್ತಾ ಬಂದವು, ಅಂಚು ದಪ್ಪ ಉಳಿಯುತ್ತಿತ್ತು. ವಯಸ್ಸಾಯಿತು ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ನರರೋಗದ ಡಾಕ್ಟರು ಹೆಬ್ಬೆರಳು ತೋರುಬೆರಳು ಸೇರಿಸಿ ಬಿಡಿಸಿ ಬೇಗ ಬೇಗ ಮಾಡಿ ತೋರಿಸಿ ಅಂದರು. ಮೊದಲಿಗೆ ಅಗಲವಾಗಿ ತೆರೆದ ಬೆರಳು ಹತ್ತು ಸಲ ಆಗುವಷ್ಟರಲ್ಲಿ ಕಿರಿದಾಗುತ್ತಾ ಬಂದು ಅಲ್ಲೇ ನಿಂತಿತು. ರೊಟ್ಟಿ ಕಲ್ಲಿನ ಮುಂದೆ ಆಗುತ್ತಿದ್ದದ್ದೂ ಇದೇ. ಮಾಡ್ತಾ ಮಾಡ್ತಾ ಚಲನೆ ಚಿಕ್ಕದಾಗುವ ಈ ಲಕ್ಷಣ ಪಾರ್ಕಿನ್ಸನ್‌ನ ಮುಖ್ಯ ಗುರುತು. ಬರೆಯುವವರಲ್ಲಿ ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆ. ನಡುಕ ಇಲ್ಲದೆಯೂ ಪಾರ್ಕಿನ್ಸನ್ ಇರಬಹುದು. ಒಂದೇ ಕಡೆಯ ಭುಜ ಬಿಗಿದುಕೊಂಡು ವರ್ಷಗಟ್ಟಲೆ ಅದಕ್ಕೇ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡವರೂ ಇದ್ದಾರೆ. ನಮ್ಮ ಕಡೆ ಕೆಲವರು ಇದನ್ನು ಲಕ್ವಾ ಅಂತ ತಿಳಿದು ಲಕ್ವಾದ ಔಷಧಕ್ಕೆ ಓಡುತ್ತಾರೆ. ಲಕ್ವಾ ಒಮ್ಮೆಗೇ ಹೊಡೆಯುತ್ತದೆ. ಇದು ಹಾಗಲ್ಲ, ಮೆಲ್ಲಗೆ ಬರುತ್ತದೆ.

ಈಗ ಗುಳಿಗೆಯ ಮಾತು. ಇದರ ಕತೆಯಲ್ಲಿ ನಮ್ಮ ದೇಶದ ಎರಡು ಗಿಡಗಳು ಬರುತ್ತವೆ, ಕ್ಲಾಸಿನಲ್ಲಿ ಹೇಳುವಾಗ ಮಕ್ಕಳಿಗೂ ಇದು ಇಷ್ಟ ಆಗುತ್ತದೆ. ಒಂದು ಸರ್ಪಗಂಧಿ. ಅದರ ಬೇರನ್ನು ನಮ್ಮಲ್ಲಿ ಹಿಂದಿನಿಂದಲೂ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಬಗ್ಗೆ ಬರೆದರು. 1949ರಲ್ಲಿ ಮುಂಬೈಯ ರುಸ್ತುಂ ಜಾಲ್ ವಕೀಲ್ ಅದು ಬಿಪಿ ಇಳಿಸುತ್ತದೆ ಅಂತ ಪ್ರಕಟಿಸಿದ ಮೇಲೆ ಹೊರದೇಶದವರ ಗಮನ ಅದರ ಕಡೆ ಹೋಯಿತು. ಅದರಿಂದ ತೆಗೆದ ರಿಸರ್ಪೀನ್ ಅನ್ನೋ ಔಷಧ ಮೆದುಳಿನ ಡೋಪಮೈನ್ ಸಂಗ್ರಹವನ್ನು ಖಾಲಿ ಮಾಡುತ್ತದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ 1957ರ ಹೊತ್ತಿಗೆ ಮೊಲಗಳಿಗೆ ರಿಸರ್ಪೀನ್ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು ಅಲುಗಾಡದೆ ಬಿದ್ದುಕೊಂಡವು. ಆಮೇಲೆ ಮೆದುಳಿನೊಳಗೆ ಹೋಗಿ ಡೋಪಮೈನ್ ಆಗುವ ಲೆವೊಡೋಪಾ ಚುಚ್ಚಿದರು, ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಮೆದುಳಿನಲ್ಲಿ ಡೋಪಮೈನ್‌ಗೆ ತನ್ನದೇ ಕೆಲಸ ಇದೆ, ಅದಿಲ್ಲದಿದ್ದರೆ ದೇಹ ಅಲುಗಾಡೋದಿಲ್ಲ ಅಂತ ಅಲ್ಲಿಂದ ತಿಳಿಯಿತು. 2000ನೇ ಇಸವಿಯಲ್ಲಿ ಅವರಿಗೆ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕಿವಿಚ್ ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮೆದುಳು ಪರೀಕ್ಷಿಸಿ, ಅಲ್ಲಿ ಡೋಪಮೈನ್ ಬಹಳ ಕಡಿಮೆ ಇರೋದನ್ನು ತೋರಿಸಿದರು. ಮರುವರ್ಷವೇ ರೋಗಿಗಳಿಗೆ ಲೆವೊಡೋಪಾ ಇಂಜೆಕ್ಷನ್ ಕೊಟ್ಟು ನೋಡಿದರು. ಹಾಸಿಗೆ ಹಿಡಿದವರು ಎದ್ದರು, ಆದರೆ ಕೆಲವೇ ಗಂಟೆ. 1967ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕಾಟ್ಸಿಯಾಸ್ ಬಾಯಿಯಿಂದಲೇ, ತೀರಾ ಕಡಿಮೆಯಿಂದ ಶುರು ಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾ ಹೋಗಿ, ಇದು ದಿನಾ ತೆಗೆದುಕೊಳ್ಳಬಹುದಾದ ಔಷಧ ಅಂತ ಸಾಬೀತು ಮಾಡಿದರು. ಇವತ್ತಿಗೂ ಡಾಕ್ಟರುಗಳು ಅರ್ಧ ಗುಳಿಗೆಯಿಂದ ಶುರು ಮಾಡಿಸೋದರ ಹಿಂದೆ ಆ ಪಾಠ ಇದೆ. ಅರ್ಧ ಗುಳಿಗೆ ನುಂಗಿದ ಎರಡನೇ ದಿನಕ್ಕೇ "ಏನೂ ಆಗಲಿಲ್ಲ" ಅಂತ ಬಿಡಬಾರದು.

ಎರಡನೇ ಗಿಡ ನಸುಗುನ್ನಿ. ಮೈಗೆ ತಾಗಿದರೆ ವಿಪರೀತ ತುರಿಸುತ್ತದಲ್ಲ, ಅದೇ. ಅದರ ಬೀಜದಲ್ಲಿ ಲೆವೊಡೋಪಾ ಇದೆ ಅಂತ 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅನ್ನೋ ನಮ್ಮ ದೇಶದ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಅದನ್ನು ಕೊಡುತ್ತಿದ್ದದ್ದಕ್ಕೆ ಕಾರಣ ಇತ್ತು. ಹಾಗಂತ ಈಗ ಯಾರೋ ಪುಡಿ ಮಾಡಿ ಮಾರೋದನ್ನು ತಂದು ಡಾಕ್ಟರಿಗೆ ಹೇಳದೆ ತಿನ್ನಿಸಬೇಡಿ. ಒಂದು ಚಮಚೆಯಲ್ಲಿ ಎಷ್ಟು ಲೆವೊಡೋಪಾ ಇದೆ ಅಂತ ನಿಮಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಗುಳಿಗೆಯ ಜೊತೆ ಅದೂ ಸೇರಿದರೆ ಡೋಸ್ ಎಲ್ಲಿಗೋ ಹೋಗುತ್ತದೆ.

ಡೋಪಮೈನ್ ಕಡಿಮೆಯಾಗಿದೆ ಅಂದಮೇಲೆ ಡೋಪಮೈನನ್ನೇ ಯಾಕೆ ಕೊಡಬಾರದು ಅಂತ ಅಣ್ಣ ಕೇಳಿದ್ದ. ಸರಿಯಾದ ಪ್ರಶ್ನೆ. ರಕ್ತದಿಂದ ಮೆದುಳಿಗೆ ಏನೇನು ಹೋಗಬೇಕು ಅನ್ನೋದಕ್ಕೆ ರಕ್ತನಾಳದ ಗೋಡೆಯಲ್ಲೇ ಒಂದು ತಡೆ ಇದೆ. ಡೋಪಮೈನ್ ಅದನ್ನು ದಾಟಲಾರದು. ಲೆವೊಡೋಪಾ ಒಂದು ಅಮೈನೋ ಆಮ್ಲ, ಆದ್ದರಿಂದ ಅಮೈನೋ ಆಮ್ಲಗಳು ಹೋಗುವ ದಾರಿಯಲ್ಲೇ ದಾಟಿ ಹೋಗುತ್ತದೆ, ಒಳಗೆ ಹೋದ ಮೇಲೆ ಡೋಪಮೈನ್ ಆಗುತ್ತದೆ. ಆದರೆ ಬರೀ ಲೆವೊಡೋಪಾ ನುಂಗಿದರೆ ಬಹುಪಾಲು ಮೆದುಳಿಗೆ ಮುಟ್ಟುವ ಮೊದಲೇ, ಕರುಳು ರಕ್ತದಲ್ಲೇ ಡೋಪಮೈನ್ ಆಗಿ ವಾಂತಿ ತರಿಸುತ್ತದೆ. ಅದಕ್ಕೇ ಜೊತೆಗೆ ಕಾರ್ಬಿಡೋಪಾ ಸೇರಿಸುತ್ತಾರೆ. ಅದು ಮೆದುಳಿನ ಹೊರಗೆ ಈ ಬದಲಾವಣೆ ಆಗೋದನ್ನು ತಡೆಯುತ್ತದೆ, ತಾನು ಮಾತ್ರ ಮೆದುಳಿನೊಳಗೆ ಹೋಗೋದಿಲ್ಲ. ಇದರಿಂದ ಲೆವೊಡೋಪಾ ಡೋಸನ್ನು ಸುಮಾರು ಮುಕ್ಕಾಲು ಭಾಗ ಇಳಿಸೋಕೆ ಆಯಿತು. ಗುಳಿಗೆ ಹಾಳೆಯ ಮೇಲೆ 110, 125, 275 ಅಂತ ಇರುತ್ತಲ್ಲ, ಅದು ಎರಡನ್ನೂ ಕೂಡಿಸಿದ ಲೆಕ್ಕ. 110 ಅಂದರೆ 100 ಮಿಲಿಗ್ರಾಂ ಲೆವೊಡೋಪಾ, 10 ಕಾರ್ಬಿಡೋಪಾ. 125ರಲ್ಲಿ 100ಕ್ಕೆ 25. 275ರಲ್ಲಿ 250ಕ್ಕೆ 25. ಅಂಗಡಿಯಲ್ಲಿ 110 ಇಲ್ಲ, 125 ತಗೊಳ್ಳಿ ಅಂದರೆ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಇನ್ನು ಕೆಲವು ಹಾಳೆ ಮೇಲೆ ಸಿಆರ್ ಅಂತ ಇರುತ್ತದೆ, ಅವು ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ. ಅವನ್ನು ಜಜ್ಜಿ ಪುಡಿ ಮಾಡಿ ಕೊಡಬಾರದು. ಈ ಔಷಧ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಜನೌಷಧಿ ಅಂಗಡಿಯಲ್ಲೂ ಒಮ್ಮೆ ವಿಚಾರಿಸಿ.

ಇನ್ನು ಆ ಐದು ವರ್ಷದ ಮಾತು. ಅದರಲ್ಲಿ ಒಂದು ಎಳೆ ಸತ್ಯ ಇದೆ, ಅದಕ್ಕೇ ಅದು ಇಷ್ಟು ಹಬ್ಬಿದೆ.

ವಿಜಯಪುರದವರಿಗೆ ನೀರಿನ ಲೆಕ್ಕ ಹೇಳಿಕೊಡಬೇಕಿಲ್ಲ. ನಳ ದಿನಾ ಬರೋದಿಲ್ಲ. ಮನೆಯಲ್ಲಿ ದೊಡ್ಡ ಟಾಕಿ ಇದ್ದರೆ ನೀರು ಯಾವತ್ತು ಬಂತು ಯಾವತ್ತು ಬರಲಿಲ್ಲ ಅಂತ ಒಳಗಿನವರಿಗೆ ಗೊತ್ತೇ ಆಗೋದಿಲ್ಲ. ಟಾಕಿ ಒಡೆದು ಎರಡು ಕೊಡ ಮಾತ್ರ ಉಳಿದರೆ ಬಂದಾಗ ಮನೆ ತುಂಬ ನೀರು, ಇಲ್ಲದಾಗ ಒಣಗಿದ ನೆಲ. ರೋಗದ ಶುರುವಿನಲ್ಲಿ ಉಳಿದಿರುವ ಕೋಶಗಳು ಗುಳಿಗೆಯಿಂದ ಬಂದ ಡೋಪಮೈನನ್ನು ತುಂಬಿಟ್ಟುಕೊಂಡು ಬೇಕಾದಾಗ ಸ್ವಲ್ಪ ಸ್ವಲ್ಪ ಬಿಡುತ್ತವೆ. ಲೆವೊಡೋಪಾ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು ಒಂದೂವರೆ ಗಂಟೆ ಸಾಕು, ಆದರೂ ದಿನಕ್ಕೆ ಮೂರು ಸಲ ನುಂಗಿದರೆ ಇಡೀ ದಿನ ಸರಿಯಾಗಿ ಹೋಗುತ್ತದೆ. ವರ್ಷ ಕಳೆದಂತೆ ಆ ಕೋಶಗಳೂ ಹೋಗುತ್ತವೆ, ತುಂಬಿಡುವ ಜಾಗ ಉಳಿಯೋದಿಲ್ಲ. ಆಗ ಮೆದುಳು ಒಂದು ಗುಳಿಗೆಯಿಂದ ಇನ್ನೊಂದು ಗುಳಿಗೆವರೆಗೆ ಬದುಕಬೇಕಾಗುತ್ತದೆ. ಮುಂದಿನ ಡೋಸ್‌ಗೆ ಇನ್ನೂ ಒಂದು ಗಂಟೆ ಇರುವಾಗಲೇ ಕಾಲು ಭಾರ, ಮಾತು ಸಣ್ಣ, ಮನಸ್ಸಿಗೆ ಸುಮ್ನೆ ಗಾಬರಿ, ಕೆಲವರಿಗೆ ಬೆವರು. ಇದನ್ನು ಡಾಕ್ಟರುಗಳು "ಆಫ್" ಅನ್ನುತ್ತಾರೆ. ಗುಳಿಗೆ ಹತ್ತಿದಾಗ "ಆನ್". ಆನ್ ಜಾಸ್ತಿಯಾದರೆ ಕತ್ತು, ಭುಜ, ಕೈಕಾಲು ತಾವಾಗೇ ತೂಗಾಡುತ್ತವೆ, ಅದು ಡಿಸ್ಕಿನೇಸಿಯಾ. ಅವ್ವನಿಗೆ ಹೀಗಾದಾಗ ಬಂದವರು "ನಡುಕ ಜಾಸ್ತಿ ಆಗೈತಿ, ಗುಳಗಿ ಏರಸ್ರಿ" ಅಂದರು. ಅದು ಗುಳಿಗೆ ಕಡಿಮೆಯಾಗಿ ಆಗಿದ್ದಲ್ಲ, ಆ ಹೊತ್ತಿಗೆ ಹೆಚ್ಚಾಗಿ ಆಗಿದ್ದು. ಈ ವ್ಯತ್ಯಾಸ ಮನೆಯವರ ಕಣ್ಣಿಗೆ ಗೊತ್ತಿರಲೇಬೇಕು.

ಅಂದರೆ ಗುಳಿಗೆ ನಾಟೋದು ನಿಲ್ಲೋದಿಲ್ಲ. ರೋಗ ಮುಂದುವರಿದಿದ್ದರಿಂದ ಅದರ ಹೊತ್ತು ಚಿಕ್ಕದಾಗುತ್ತದೆ. ತಡವಾಗಿ ಶುರು ಮಾಡಿದರೆ ಇದನ್ನು ಮುಂದೂಡಬಹುದಾ? ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 445 ರೋಗಿಗಳಲ್ಲಿ ಅರ್ಧ ಜನಕ್ಕೆ ಕೂಡಲೇ ಲೆವೊಡೋಪಾ ಕೊಟ್ಟರು, ಇನ್ನರ್ಧ ಜನಕ್ಕೆ 40 ವಾರ ತಡವಾಗಿ ಕೊಟ್ಟರು. 80 ವಾರ ಆದಮೇಲೆ ಎರಡೂ ಗುಂಪು ಒಂದೇ ಸ್ಥಿತಿಯಲ್ಲಿದ್ದವು. ಮೊದಲೇ ತೆಗೆದುಕೊಂಡವರಿಗೆ ಹಾನಿಯೇನೂ ಆಗಿರಲಿಲ್ಲ. 2019ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮೊದಲು, 2014ರಲ್ಲಿ, ಆಫ್ರಿಕಾದ ಘಾನಾ ಮತ್ತು ಇಟಲಿಯ ರೋಗಿಗಳನ್ನು ಹೋಲಿಸಿದ ಅಧ್ಯಯನ ಬಂದಿತ್ತು. ಘಾನಾದಲ್ಲಿ ಔಷಧ ಸಿಗದೆ ಜನ ವರ್ಷಗಟ್ಟಲೆ ತಡವಾಗಿ ಶುರು ಮಾಡಿದ್ದರು. ಆದರೂ ಆಫ್ ಮತ್ತು ತೂಗಾಟ ಇಬ್ಬರಲ್ಲೂ ರೋಗ ಶುರುವಾಗಿ ಹೆಚ್ಚುಕಡಿಮೆ ಅಷ್ಟೇ ವರ್ಷ ಆದಮೇಲೆ ಬಂದವು. ಗುಳಿಗೆ ಶುರು ಮಾಡಿ ಎಷ್ಟು ವರ್ಷ ಆಯಿತು ಅನ್ನೋದಕ್ಕಿಂತ ರೋಗ ಬಂದು ಎಷ್ಟು ವರ್ಷ, ಡೋಸ್ ಎಷ್ಟು ದೊಡ್ಡದು ಅನ್ನೋದು ಮುಖ್ಯ ಅಂತ ಗೊತ್ತಾಯಿತು. ಅಂದರೆ ತಡೆದುಕೊಂಡು ಕೂತವರು ಗಳಿಸಿದ್ದು ಏನೂ ಇಲ್ಲ. ನಡುವಿನ ವರ್ಷಗಳಲ್ಲಿ ಕೆಲಸ ಬಿಟ್ಟರು, ಹೊರಗೆ ಹೋಗೋದು ಬಿಟ್ಟರು, ಬಿದ್ದು ಮೂಳೆ ಮುರಿದುಕೊಂಡರು. ವಯಸ್ಸು ಕಡಿಮೆ ಇದ್ದವರಿಗೆ ಡಾಕ್ಟರು ಬೇರೆ ಔಷಧದಿಂದ ಶುರು ಮಾಡಬಹುದು, ಅದು ಯೋಚಿಸಿ ಮಾಡುವ ಲೆಕ್ಕ. ಗುಳಿಗೆ ತಂದು ಡಬ್ಬಿಯಲ್ಲಿಟ್ಟು ಕೂರೋದು ಬೇರೆ.

ಟೈಮ್ ಯಾಕೆ ಅಷ್ಟು ಮುಖ್ಯ ಅಂತ ಈಗ ತಿಳಿದಿರಬೇಕು. ಎಂಟು ಗಂಟೆ ಅಂದರೆ ಎಂಟೇ. ಪೂಜೆ ಮುಗಿಯಲಿ, ಚಹಾ ಆಗಲಿ ಅಂತ ಮುಂದೂಡಿದರೆ ಅವ್ವನ ಇಡೀ ದಿನ ಹಾಳಾಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರ ಮೊಬೈಲಿನಲ್ಲೂ ಅಲಾರಾಂ ಇದೆ. ಜೊತೆಗೆ ಊಟದ ಲೆಕ್ಕ. ಲೆವೊಡೋಪಾ ಅಮೈನೋ ಆಮ್ಲಗಳ ದಾರಿಯಲ್ಲಿ ಹೋಗುತ್ತದೆ ಅಂದೆನಲ್ಲ, ಬೇಳೆಕಾಳು, ಮೊಸರು, ಮೊಟ್ಟೆ ತಿಂದಾಗ ಅದರಿಂದ ಬರುವ ಅಮೈನೋ ಆಮ್ಲಗಳೂ ಅದೇ ದಾರಿಗೆ ಬಂದು ನುಗ್ಗುತ್ತವೆ. ಕರುಳಿನಲ್ಲೂ ನುಗ್ಗಾಟ, ಮೆದುಳಿನ ಬಾಗಿಲಲ್ಲೂ ನುಗ್ಗಾಟ. ಬೆಳಗ್ಗೆ ರೊಟ್ಟಿ, ಜುಣಕ, ಮಡಕಿಕಾಳು ಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು ತಿಂದು ಕೂಡಲೇ ಗುಳಿಗೆ ನುಂಗಿದರೆ ಅದು ಹತ್ತದೇ ಹೋಗಬಹುದು. ಅವ್ವನಿಗೆ ಡಾಕ್ಟರು ಹೇಳಿದ್ದು ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು, ಒಂದು ಪೂರ್ತಿ ಗ್ಲಾಸ್ ನೀರಿನ ಜೊತೆ. ಶುರುವಿನಲ್ಲಿ ಹೊಟ್ಟೆ ತೊಳಸಿದಾಗ ಒಂದೆರಡು ಬಿಸ್ಕೆಟ್ ಜೊತೆ ಕೊಡಿ ಅಂದಿದ್ದರು. ಈಗ ಬೆಳಗ್ಗೆ ಮಧ್ಯಾಹ್ನ ರೊಟ್ಟಿ, ಸೊಪ್ಪಿನ ಪಲ್ಯ, ಕಾಯಿಪಲ್ಯ ಇರುತ್ತದೆ. ಕಾಳು, ಜುಣಕ, ಮೊಸರು ರಾತ್ರಿಗೆ. ಪ್ರೋಟೀನ್ ಬಿಡಿಸಿಲ್ಲ, ಬಿಡಿಸಲೂ ಬಾರದು, ತೂಕ ಇಳಿದು ಮೈಯಲ್ಲಿ ಶಕ್ತಿ ಹೋಗುತ್ತದೆ. ಹೊತ್ತು ಮಾತ್ರ ಬದಲಿಸಿದ್ದೇವೆ. ರೋಗದ ಶುರುವಿನಲ್ಲಿ ಎಲ್ಲರಿಗೂ ಇದು ಬೇಕಾಗೋದಿಲ್ಲ, ಆಫ್ ಕಾಣಿಸುತ್ತಿದ್ದರೆ ಮಾಡಿ ನೋಡಿ. ಮಿರ್ಚಿ ಭಜಿಯಂಥ ಕರಿದದ್ದು ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿದು ಗುಳಿಗೆಯನ್ನೂ ತಡ ಮಾಡುತ್ತದೆ. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆಯನ್ನು ಇದರ ಜೊತೆ ಕೊಡಬೇಡಿ, ಎರಡು ಗಂಟೆಯಾದರೂ ಅಂತರ ಇರಲಿ. ಮಲಬದ್ಧತೆಗೂ ಗಮನ ಕೊಡಿ, ಅದು ಈ ರೋಗದ್ದೇ ಭಾಗ.

ನಮ್ಮ ಊರಿನ ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಇದೆ. ಲೆವೊಡೋಪಾ ನಿಂತಾಗ ಬಿಪಿ ಇಳಿಸುತ್ತದೆ, ರೋಗವೂ ಅದನ್ನೇ ಮಾಡುತ್ತದೆ. ಏಪ್ರಿಲ್ ಮೇ ಬಿಸಿಲಲ್ಲಿ ಮೈಯ ನೀರು ಆರಿದಾಗ ಅವ್ವ ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬಂದು ಗೋಡೆ ಹಿಡಿಯುತ್ತಿದ್ದಳು. ಡಾಕ್ಟರಿಗೆ ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ ಎರಡೂ ಬರೆದು ತೋರಿಸಿದ ಮೇಲೆ ಅವ್ವನ ಹಳೆಯ ಬಿಪಿ ಗುಳಿಗೆಯನ್ನು ಕಡಿಮೆ ಮಾಡಿದರು. ಎಷ್ಟೋ ವರ್ಷದಿಂದ ಬಿಪಿ ಗುಳಿಗೆ ನುಂಗುತ್ತಿರುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ಕೇಳಿ ಮಾಡಿಸಿ.

ಈಗ ಹೇಳೋದು ಎಲ್ಲಕ್ಕಿಂತ ಜರೂರಿನದು, ನನಗೆ ಇದರಲ್ಲಿ ಸಿಟ್ಟೂ ಇದೆ. ನಮ್ಮ ಕಡೆ ಗ್ಯಾಸ್ ಅಂದ ಕೂಡಲೇ ಒಂದು ಕ್ಯಾಪ್ಸೂಲ್ ಕೊಡುತ್ತಾರೆ. ಅದರಲ್ಲಿ ಎಷ್ಟೋ ಸಲ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆಗೆ ಲೆವೊಸಲ್ಪಿರೈಡ್ ಸೇರಿರುತ್ತದೆ. ಹೆಸರಿನಲ್ಲಿ ಲೆವೊ ಇದ್ದರೂ ಲೆವೊಡೋಪಾಗೂ ಇದಕ್ಕೂ ಸಂಬಂಧ ಇಲ್ಲ, ಕೆಲಸ ಪೂರ್ತಿ ಉಲ್ಟಾ. ಡೋಪಮೈನ್ ಬಂದು ಕೂರಬೇಕಾದ ಜಾಗವನ್ನು ಇದು ಮುಚ್ಚುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಕೂಡ ಹಾಗೇ. ಮನಸ್ಸಿನ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಹಾಗೇ. ತಲೆ ತಿರುಗಿದರೆ ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ಫ್ಲುನರಿಜಿನ್ ಕೂಡ ವಯಸ್ಸಾದವರಲ್ಲಿ ಇದನ್ನು ಮಾಡಬಲ್ಲವು. ಪಾರ್ಕಿನ್ಸನ್ ಇದ್ದವರಿಗೆ ಇವು ರೋಗ ಏರಿಸುತ್ತವೆ. ಇಲ್ಲದವರಿಗೂ ಪಾರ್ಕಿನ್ಸನ್‌ನದೇ ಲಕ್ಷಣ ತರುತ್ತವೆ, ನಿಲ್ಲಿಸಿದರೆ ಸಾಮಾನ್ಯವಾಗಿ ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ. ಅಪ್ಪ ಅವ್ವ ದಿಢೀರ್ ನಿಧಾನ ಆದರು ಅನ್ನಿಸಿದರೆ ಮೊದಲು ಮನೆಯ ಗುಳಿಗೆ ಡಬ್ಬಿಯನ್ನು ಪೂರ್ತಿ ತೆಗೆದುಕೊಂಡು ಹೋಗಿ ಡಾಕ್ಟರ್ ಮುಂದೆ ಸುರಿಯಿರಿ. ನಾವಾಗೇ ಯಾವುದನ್ನೂ ನಿಲ್ಲಿಸೋದು ಬೇಡ, ತೋರಿಸೋದು ಬೇಕು.

ಒಮ್ಮೆ ಅವ್ವನನ್ನು ಜ್ವರಕ್ಕೆ ಒಂದು ಆಸ್ಪತ್ರೆಯಲ್ಲಿ ಸೇರಿಸಿದ್ದೆವು. ವಾರ್ಡಿನಲ್ಲಿ ಎಲ್ಲರಿಗೂ ಗುಳಿಗೆ ಕೊಡುವ ಹೊತ್ತಿಗೇ ಅವ್ವನಿಗೂ ಕೊಟ್ಟರು. ಮಧ್ಯಾಹ್ನದ್ದು ತಡವಾಯಿತು, ಸಂಜೆಯದು ಇನ್ನೂ ತಡ. ರಾತ್ರಿ ಹೊತ್ತಿಗೆ ಅವ್ವ ಹಲಗೆಯ ಹಾಗೆ ಬಿಗಿದು ಮಗ್ಗಲು ತಿರುಗಲೂ ಆಗದೆ ಮಲಗಿದ್ದಳು, ನುಂಗೋಕೂ ಆಗುತ್ತಿರಲಿಲ್ಲ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರಿಗೆ ಕೂತು ವಿವರಿಸಿದೆ. "ಅಣ್ಣಾರ, ಹಂಗಿದ್ರ ಟೈಮ್ ಚೀಟಿ ಬರೆದು ಮಂಚಕ್ಕ ಅಂಟಸ್ರಿ, ನಾ ಮುಂದಿನ ಪಾಳಿಯವರಿಗೂ ಹೇಳ್ತೀನಿ" ಅಂದರು, ಹಾಗೇ ಮಾಡಿದರು. ಆ ತಾಯಿಯನ್ನು ಮರೆಯೋದಿಲ್ಲ. ಈಗ ಅವ್ವನ ಫೈಲಿನ ಮೊದಲ ಹಾಳೆಯಲ್ಲೇ ದೊಡ್ಡ ಅಕ್ಷರದಲ್ಲಿ ಗುಳಿಗೆಯ ಟೈಮ್ ಮತ್ತು ಕೊಡಬಾರದ ಔಷಧಿಗಳ ಹೆಸರು ಬರೆದಿದ್ದೇನೆ. ಆಪರೇಷನ್ ಇದ್ದರೂ, ಉಪವಾಸ ಇದ್ದರೂ, ಶ್ರಾವಣ ಸೋಮವಾರ ಇದ್ದರೂ ಈ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಬಾರದು. ಹಠಾತ್ ನಿಲ್ಲಿಸಿದರೆ ಜೋರು ಜ್ವರ, ಮೈ ಬಿಗಿತ, ಪ್ರಜ್ಞೆ ತಪ್ಪೋದು ಆಗಿ ಜೀವಕ್ಕೇ ಅಪಾಯ ಬರಬಹುದು.

ಬೇರೆ ಔಷಧಿಗಳ ಬಗ್ಗೆ ಚುಟುಕಾಗಿ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಡೋಪಮೈನ್ ಮಾಡುವ ಕೆಲಸವನ್ನೇ ಮಾಡುತ್ತವೆ, ಆದರೆ ಕೆಲವರಲ್ಲಿ ಜೂಜಿನ ಹುಚ್ಚು, ಸಿಕ್ಕಾಪಟ್ಟೆ ಖರೀದಿ, ಲೈಂಗಿಕ ಆಸೆ ಮಿತಿ ಮೀರೋದು, ತಿನ್ನೋದೇ ತಿನ್ನೋದು ತರುತ್ತವೆ. ಹಗಲಲ್ಲೇ ಥಟ್ಟನೆ ನಿದ್ದೆ ಬರಬಹುದು, ಬೈಕ್ ಓಡಿಸುವವರು ಹುಷಾರು. ಮನೆಯ ಹಿರಿಯರು ಮೊಬೈಲಿನಲ್ಲಿ ದುಡ್ಡಿಟ್ಟು ಆಡೋಕೆ ಶುರು ಮಾಡಿದರೆ ಬೈಯಬೇಡಿ, ಗುಣ ಕೆಟ್ಟಿತು ಅನ್ನಬೇಡಿ, ಡಾಕ್ಟರಿಗೆ ಹೇಳಿ. ಇದು ಔಷಧದಿಂದ ಆಗುವಂಥದ್ದು. ರಸಾಜಿಲಿನ್, ಎಂಟಕಪೋನ್ ಮೆದುಳಿನ ಡೋಪಮೈನನ್ನೋ ಗುಳಿಗೆಯ ಲೆವೊಡೋಪಾವನ್ನೋ ಬೇಗ ಒಡೆದುಹೋಗದಂತೆ ಕಾಯುತ್ತವೆ. ಎಂಟಕಪೋನ್ ತೆಗೆದುಕೊಂಡರೆ ಮೂತ್ರ ಕಿತ್ತಳೆ ಬಣ್ಣ ಬರಬಹುದು, ಗಾಬರಿ ಬೇಡ. ಅಮಂಟಡೀನ್ ಮೊದಲು ಫ್ಲೂಗೆ ಬಂದ ಔಷಧ. ಫ್ಲೂಗೆ ಅದನ್ನು ತೆಗೆದುಕೊಂಡ ಪಾರ್ಕಿನ್ಸನ್ ರೋಗಿಯೊಬ್ಬರು ಮೈ ಹಗುರಾಯಿತು ಅಂದಿದ್ದರಿಂದ 1969ರ ಹೊತ್ತಿಗೆ ಇದರ ಉಪಯೋಗ ಗೊತ್ತಾಯಿತು. ಈಗ ತೂಗಾಟ ಇಳಿಸೋಕೆ ಕೊಡುತ್ತಾರೆ. ಟ್ರೈಹೆಕ್ಸಿಫೆನಿಡಿಲ್ ನಡುಕಕ್ಕೆ ಒಳ್ಳೆಯದು, ಆದರೆ ವಯಸ್ಸಾದವರಲ್ಲಿ ಮರೆವು, ಗೊಂದಲ, ಮೂತ್ರ ಕಟ್ಟೋದು ಆಗುತ್ತದೆ. ಗುಳಿಗೆಯಿಂದ ಆನ್ ಆಗುತ್ತಾರೆ, ಆದರೆ ಆಫ್ ಮತ್ತು ತೂಗಾಟ ಹಿಡಿತಕ್ಕೆ ಸಿಗೋದಿಲ್ಲ ಅನ್ನುವ ಕೆಲವರಿಗೆ ಮೆದುಳಿನಲ್ಲಿ ತಂತಿ ಕೂರಿಸುವ ಆಪರೇಷನ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ.

ಯಾವ ಗುಳಿಗೆಯೂ ಕೋಶಗಳು ಸಾಯೋದನ್ನು ನಿಲ್ಲಿಸೋದಿಲ್ಲ. ಇದನ್ನು ಕಾಕಾನಿಗೂ ಮುಚ್ಚಿಡಲಿಲ್ಲ. ಬಿಗಿತ ಮತ್ತು ನಿಧಾನಕ್ಕೆ ಲೆವೊಡೋಪಾ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ನಡುಕಕ್ಕೆ ಕೆಲವರಲ್ಲಿ ಅಷ್ಟಿಲ್ಲ. ಮುಂದೆ ಬರುವ ತೋಲ ತಪ್ಪೋದು, ಮರೆವು, ಮೊದಲಿನಿಂದಲೂ ಇರಬಹುದಾದ ಮಲಬದ್ಧತೆ, ಇವಕ್ಕೆ ಅದು ಅಷ್ಟಾಗಿ ಉಪಯೋಗ ಇಲ್ಲ. ಅದಕ್ಕೇ ನಡಿಗೆ, ವ್ಯಾಯಾಮ ಗುಳಿಗೆಯಷ್ಟೇ ಬೇಕು. ಅವ್ವನ ಕಾಲು ಹೊಸ್ತಿಲ ಹತ್ತಿರ ನೆಲಕ್ಕೆ ಅಂಟಿದ ಹಾಗೆ ನಿಲ್ಲುತ್ತಿತ್ತು. ಅಲ್ಲಿ ನೆಲದ ಮೇಲೆ ಬಣ್ಣದ ಟೇಪಿನ ಅಡ್ಡಗೆರೆ ಹಾಕಿದ್ದೇವೆ. ಗೆರೆ ದಾಟಬೇಕು ಅಂತ ನೋಡಿದ ಕೂಡಲೇ ಕಾಲು ಏಳುತ್ತದೆ.

ಕಾಕಾ ಒಂದು ಮಾತು ಕೇಳಿದ: "ದ್ರಾಕ್ಷಿ ತೋಟಕ್ಕ ಇಷ್ಟ ವರ್ಷ ಔಷಧ ಹೊಡದೇನಲ್ಲೋ, ಅದಕ್ಕ ಬಂತೇನು?" ಪ್ಯಾರಾಕ್ವಾಟ್, ರೋಟೆನೋನ್‌ನಂಥ ಔಷಧಗಳ ಜೊತೆ ಕೆಲಸ ಮಾಡಿದವರಲ್ಲಿ ಪಾರ್ಕಿನ್ಸನ್ ಜಾಸ್ತಿ ಕಂಡಿದೆ ಅಂತ ಅಧ್ಯಯನಗಳು ಹೇಳುತ್ತವೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆಯಾದ ಮಾದಕ ವಸ್ತು ಚುಚ್ಚಿಕೊಂಡ ಕೆಲವು ಯುವಕರು ದಿನಗಳಲ್ಲೇ ಪಾರ್ಕಿನ್ಸನ್ ರೋಗಿಗಳಂತೆ ಆದರು. ಅದರಲ್ಲಿದ್ದ ಎಂಪಿಟಿಪಿ ಅನ್ನೋ ವಿಷ ನೇರವಾಗಿ ಆ ಕಪ್ಪು ಜಾಗದ ಕೋಶಗಳನ್ನು ಕೊಂದಿತ್ತು. ಅಂದರೆ ಹೊರಗಿನ ವಿಷದಿಂದ ಇದು ಆಗಬಲ್ಲದು. ಆದರೆ ಕಾಕಾನಿಗೆ ಇದರಿಂದಲೇ ಬಂತು ಅಂತ ಯಾರೂ ಹೇಳಲಾರರು. ಮಗ ಈಗ ತೋಟ ನೋಡಿಕೊಳ್ಳುತ್ತಾನೆ, ಅವನಿಗೆ ಕೈಗವಸು, ಮಾಸ್ಕ್ ಹಾಕಿಕೊಂಡು, ಗಾಳಿ ನೋಡಿ ಹೊಡೆಯೋಕೆ ಹೇಳು ಅಂದೆ.

ಕೊನೆಗೆ ಕಾಕುಗೆ ಒಂದು ಕೆಲಸ ವಹಿಸಿದ್ದೇನೆ. ಒಂದು ನೋಟ್‌ಬುಕ್ಕಿನಲ್ಲಿ ಗುಳಿಗೆ ನುಂಗಿದ ಹೊತ್ತು, 'ಹತ್ತಿದ' ಹೊತ್ತು, ಇಳಿದ ಹೊತ್ತು, ಊಟದ ಹೊತ್ತು ಬರೆಯಬೇಕು. ಇಷ್ಟೇ ನಾಲ್ಕು ಕಾಲಂ. ಡಾಕ್ಟರ್ ಹತ್ತಿರ ಹೋಗುವಾಗ ಎಲ್ಲರೂ ಗುಳಿಗೆ ನುಂಗಿ, ಸ್ನಾನ ಮಾಡಿ, ಚೆನ್ನಾಗಿ ನಡೆಯುತ್ತಲೇ ಹೋಗುತ್ತಾರೆ. ಡಾಕ್ಟರ್ ಹತ್ತು ನಿಮಿಷ ನೋಡೋದು ಆನ್ ಆಗಿರುವ ಮನುಷ್ಯನನ್ನು. ಬೆಳಗಿನ ಜಾವ ಐದಕ್ಕೆ ಹಾಸಿಗೆಯಲ್ಲಿ ತಿರುಗಲಾಗದೆ ಬಿದ್ದಿದ್ದು ಅವರಿಗೆ ಕಾಣೋದಿಲ್ಲ. ಆದ್ದರಿಂದ ಕಾಕಾನ ಒಪ್ಪಿಗೆ ಕೇಳಿ, ಆ ಹೊತ್ತಿನಲ್ಲಿ ನಡೆಯೋದು, ಕುರ್ಚಿಯಿಂದ ಏಳೋದು, ಬೆರಳು ಆಡಿಸೋದು ಒಂದೊಂದು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಡಿ ಅಂದಿದ್ದೇನೆ. ಗುಳಿಗೆ ಹತ್ತಿದ ಮೇಲಿನ ವಿಡಿಯೊ ಒಂದು, ಹತ್ತುವ ಮೊದಲಿನದು ಒಂದು, ವಿಡಿಯೊದಲ್ಲೇ ಟೈಮ್ ಹೇಳಬೇಕು. ಅವ್ವನ ಡೋಸನ್ನು ನಾಲ್ಕು ಸಣ್ಣ ಪಾಲಾಗಿ ಹಂಚಿಕೊಟ್ಟಿದ್ದು ಡಾಕ್ಟರು ಅಂಥ ಎರಡು ವಿಡಿಯೊ ನೋಡಿದ ಮೇಲೆಯೇ.